ಡಿಪಿಎ 4099 ಕ್ಲಿಪ್ ಮೈಕು: ಕಛೇರಿಗೂ ಜ್ಯಾಝ್‌ಗೂ ಇದೊಂದೇ ಸಾಕಾ?

ಮೊದಲೇ ಹೇಳ್ಬಿಡ್ತೀನಿ, ಇದು ಸ್ಟೇಜ್ ಮೈಕು, ರೆಕಾರ್ಡಿಂಗ್ ಮೈಕಲ್ಲ. ಇದೊಂದನ್ನ ತಲೇಲಿಟ್ಕೊಂಡು ತಗೊಂಡ್ರೆ ಕೊಟ್ಟ ದುಡ್ಡಿಗೆ ಬೇಜಾರಾಗಲ್ಲ, ಇಲ್ದಿದ್ರೆ "ಇಷ್ಟು ದುಬಾರಿ ಮೈಕ್ ಹಾಕಿ ರೆಕಾರ್ಡ್ ಮಾಡಿದ್ರೂ ಪಿಟೀಲು ಯಾಕೋ ಮೂಗಲ್ಲಿ ಹಾಡಿದಂಗೆ ಕೇಳುತ್ತಲ್ಲ" ಅಂತ ಕಂಪನೀನ ಬೈಕೊಂಡು ಕೂತಿರ್ತೀರ.

ನಾನು ಲೈವ್ ಸೌಂಡ್ ಮಾಡೋನು. ಒಂದು ವಾರ ಕರ್ನಾಟಕ ಸಂಗೀತದ ಕಛೇರಿ, ಮುಂದಿನ ವಾರ ಯಾವ್ದೋ ಜ್ಯಾಝ್ ಕ್ವಾರ್ಟೆಟ್, ನಡುವೆ ಹೊಟ್ಟೆಪಾಡಿಗೆ ಕಾರ್ಪೊರೇಟ್ ಫಂಕ್ಷನ್ನು, ಹೀಗೆ ನಡೀತಿದೆ. ಈ ಎರಡೂ ಸಂಗೀತಕ್ಕೆ ಒಂದೇ ಮೈಕ್ ಆಗುತ್ತಾ ಅಂತ ಕೇಳೋರು ಬಹಳ ಜನ, ಅದರಲ್ಲೂ ಈಗ ಪಿಟೀಲು ನುಡಿಸೋ ಹುಡುಗ್ರು ತಮ್ದೇ ಮೈಕ್ ತಗೊಂಡು ಸಭಾಗೆ ಬರೋಕೆ ಶುರು ಮಾಡಿದ್ದಾರೆ, ಅವರಿಗೆಲ್ಲಾ ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ವಸ್ತು ಏನು ಅಂತ ಗೊತ್ತಿಲ್ದೋರಿಗೆ: ಡೆನ್ಮಾರ್ಕಿನ ಡಿಪಿಎ ಕಂಪನಿ, ಬ್ರೂಯೆಲ್ ಅಂಡ್ ಕೇರ್ ಅಂತ ಲ್ಯಾಬ್‌ಗಳಿಗೆ ಅಳತೆಯ ಮೈಕ್ ಮಾಡೋ ಹಳೇ ಕಂಪನಿಯಿಂದ ಹೊರಗೆ ಬಂದ ಇಬ್ರು 1992ರಲ್ಲಿ ಶುರು ಮಾಡಿದ್ದು. 4099 ಅಂದ್ರೆ ಕಿರುಬೆರಳಿಗಿಂತ ಸಣ್ಣ ಕಂಡೆನ್ಸರ್ ಮೈಕು, ಸೂಪರ್‌ಕಾರ್ಡಿಯಾಯ್ಡು (ಅಂದ್ರೆ ಎದುರಿನ ಸದ್ದನ್ನೇ ಜಾಸ್ತಿ ಹಿಡಿಯೋದು, ಪಕ್ಕದ್ದನ್ನ ಕಮ್ಮಿ), ಬಗ್ಗಿಸಬಹುದಾದ ಗೂಸ್‌ನೆಕ್ಕು, ಕೆಳಗೆ ವಾದ್ಯಕ್ಕೆ ತಕ್ಕ ಕ್ಲಿಪ್ಪು. ಪಿಟೀಲಿಗೆ ಬೇರೆ ಕ್ಲಿಪ್, ಡಬಲ್ ಬೇಸ್‌ಗೆ ಬೇರೆ, ಸ್ಯಾಕ್ಸ್-ಟ್ರಂಪೆಟ್‌ಗೆ ಬೇರೆ, ಪಿಯಾನೋದ ಒಳಗೆ ಅಂಟ್ಕೊಳ್ಳೋಕೆ ಮ್ಯಾಗ್ನೆಟ್ಟು. ಮೈಕ್ ಒಂದೇ, ಕ್ಲಿಪ್ ಬದಲಾಯಿಸ್ತಾ ಹೋಗಬಹುದು. ಕೇಬಲ್ ತುದೀಲಿ ಮೈಕ್ರೋಡಾಟ್ ಅಂತ ತಿರುಪು ಹಾಕೋ ಪುಟಾಣಿ ಕನೆಕ್ಟರ್, ಅದಕ್ಕೆ ಎಕ್ಸ್‌ಎಲ್‌ಆರ್ (ಮೈಕುಗಳ ಮಾಮೂಲಿ ಮೂರು ಪಿನ್ನಿನ) ಅಡಾಪ್ಟರ್ ಹಾಕಿದ್ರೆ ಮಿಕ್ಸರ್‌ಗೆ, ಬೇರೆ ಅಡಾಪ್ಟರ್ ಹಾಕಿದ್ರೆ ವೈರ್‌ಲೆಸ್ ಬಾಡಿಪ್ಯಾಕ್‌ಗೆ. ಬೆಲೆ ಕೇಳ್ಬೇಡಿ, ಒಂದು 4099 ದುಡ್ಡಿಗೆ ಶೂರ್ ಕಂಪನಿಯ ಎಸ್‌ಎಂ57 ಮೈಕು ನಾಲ್ಕೈದಾದ್ರೂ ಬರುತ್ತೆ, ಕ್ಲಿಪ್ಪುಗಳಿಗೆ ಮತ್ತೆ ಬೇರೆ ಲೆಕ್ಕ.

ಇಷ್ಟು ದುಡ್ಡು ಯಾಕೆ ಕೊಡ್ಬೇಕು? ಅದಕ್ಕೆ ಉತ್ತರ ಬೇಕಂದ್ರೆ ನಮ್ಮ ಕಛೇರಿ ಸೌಂಡಿನ ಕಥೆ ಸ್ವಲ್ಪ ಹೇಳ್ಬೇಕು.

ಪಿಟೀಲು ಚೌಡಯ್ಯನೋರು ಏಳು ತಂತಿ ಪಿಟೀಲು ಮಾಡ್ಕೊಂಡಿದ್ದು ಯಾಕೆ ಅಂತ ಎಲ್ಲರಿಗೂ ಗೊತ್ತಿರೋದೇ, ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತೋರಿಗೆ ನಾದ ಮುಟ್ಟುತ್ತಿರಲಿಲ್ಲ. ಆಮೇಲೆ ಮೈಕ್ ಬಂತು, ಏಳು ತಂತಿಯ ಅಗತ್ಯ ಹೋಯ್ತು, ಆದ್ರೆ ಹೊಸ ರಗಳೆ ಶುರುವಾಯ್ತು. ಕರ್ನಾಟಕ ಸಂಗೀತ ಮೂಲದಲ್ಲಿ ನಾಲ್ಕೈದು ಜನ ಹತ್ತಿರ ಹತ್ತಿರ ಕೂತು ಮಾಡೋ ಸಂಗೀತ. ಹಾಡೋರು, ಪಿಟೀಲು, ಮೃದಂಗ, ಘಟ, ಎಲ್ಲಾ ಒಂದೇ ಸಣ್ಣ ವೇದಿಕೆ ಮೇಲೆ ಮಂಡಿಗೆ ಮಂಡಿ ತಾಗೋ ಹಂಗೆ. ಮೃದಂಗ ಜೋರು, ಪಿಟೀಲು ಅದರ ಮುಂದೆ ಮೆತ್ತಗೆ. ಇದನ್ನ ಸಾವಿರ ಜನರ ಹಾಲಿಗೋ ರಾಮನವಮಿ ಚಪ್ಪರಕ್ಕೋ ಮುಟ್ಟಿಸ್ಬೇಕು, ಅದೂ ಸಾಲದು ಅಂತ ಪ್ರತಿಯೊಬ್ಬರ ಎದುರಿಗೂ ಒಂದೊಂದು ಮಾನಿಟರ್ (ಸ್ಟೇಜ್ ಮೇಲಿರೋರಿಗೆ ಕೇಳೋಕೆ ಇಡೋ ಸ್ಪೀಕರ್) ಇಡಬೇಕು, ಇಟ್ಟ ಮೇಲೆ ಎಲ್ಲರೂ ಬೆರಳು ಮೇಲೆತ್ತಿ ತೋರಿಸ್ತಾನೇ ಇರ್ತಾರೆ, ಜಾಸ್ತಿ ಮಾಡಿ ಜಾಸ್ತಿ ಮಾಡಿ ಅಂತ. ಪಿಟೀಲು ಮೈಕು ಸ್ಟ್ಯಾಂಡ್ ಮೇಲೆ ಒಂದಡಿಗಿಂತ ದೂರದಲ್ಲಿ ನಿಂತಿರುತ್ತೆ, ಅದು ಪಿಟೀಲಿನಷ್ಟೇ ಮೃದಂಗಾನೂ ಕೇಳಿಸ್ಕೊಳ್ಳುತ್ತೆ, ಮಾನಿಟರ್ರನ್ನೂ ಕೇಳಿಸ್ಕೊಳ್ಳುತ್ತೆ, ಕೊನೆಗೆ ಕುಂಯ್ಯ್ ಅಂತ ಕೂಗುತ್ತೆ. ಸಭಿಕರೆಲ್ಲಾ ಒಟ್ಟಿಗೆ ಹಿಂದೆ ತಿರುಗಿ ನನ್ನ ಮುಖ ನೋಡ್ತಾರೆ.

ಇಲ್ಲಿ ಲೆಕ್ಕ ಬಹಳ ಸರಳ. ಮೈಕು ವಾದ್ಯದಿಂದ 40 ಸೆಂಟಿಮೀಟರ್ ದೂರ ಇದ್ದಿದ್ದು 8 ಸೆಂಟಿಮೀಟರ್‌ಗೆ ಬಂದ್ರೆ, ಅಂದ್ರೆ ಐದು ಪಟ್ಟು ಹತ್ತಿರ, ಸುಮಾರು 14 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಲಾಭ. ಪಿಟೀಲಿನ ಮೈ ದೊಡ್ಡದು, ನಾದ ಒಂದೇ ಚುಕ್ಕಿಯಿಂದ ಬರಲ್ಲ, ಹಂಗಾಗಿ ಪೂರ್ತಿ 14 ಸಿಗಲ್ಲ ಅನ್ನಿ, ಆದ್ರೂ 10 ಡಿಬಿ ಆಸುಪಾಸು ಸಿಕ್ಕೇ ಸಿಗುತ್ತೆ. ಸ್ಟೇಜ್ ಮೇಲೆ ತೆರೆದಿರೋ ಮೈಕುಗಳ ಸಂಖ್ಯೆ ಎರಡರಷ್ಟಾದಾಗೆಲ್ಲಾ, ಕುಂಯ್ಯ್ ಅನ್ನೋ ಮುಂಚೆ ಏರಿಸಬಹುದಾದ ಸದ್ದಲ್ಲಿ 3 ಡಿಬಿ ಕಳ್ಕೋತೀವಿ, ಅದನ್ನ ಹೋಲಿಸಿದ್ರೆ 10 ಅನ್ನೋದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. 4099 ನಿಮಗೆ ಮಾರೋದು ಈ ಡಿಬಿಗಳನ್ನ, ನಾದದ ಸೌಂದರ್ಯ ಬೋನಸ್ಸು.

ಅದಕ್ಕೇ ನಾನು ಇದನ್ನ ಪಿಟೀಲಿಗೆ ಹಾಕಿದಾಗ ಹಾಲಿನ ಸೌಂಡಿಗಿಂತ ಮೊದಲು ಬದಲಾಗೋದು ಸ್ಟೇಜ್ ಮೇಲಿನ ಜನರ ಮೂಡು. ಪಿಟೀಲಿನೋರಿಗೆ ತಮ್ಮ ವಾದ್ಯ ತಮಗೆ ಕೇಳುತ್ತೆ, ಬಿಲ್ಲು ಒತ್ತಿ ಒತ್ತಿ ನುಡಿಸೋದು ನಿಲ್ಲುತ್ತೆ, ಆಲಾಪನೇಲಿ ಹಾಡೋರ ನೆರಳು ಹಿಡ್ಕೊಂಡು ಹೋಗೋವಾಗ ಸಣ್ಣ ಸಣ್ಣ ಅನುಸ್ವರ ಎಲ್ಲಾ ಧೈರ್ಯವಾಗಿ ಮೆತ್ತಗೆ ಬರುತ್ತೆ. ಮಾನಿಟರ್ ಜಾಸ್ತಿ ಮಾಡಿ ಅನ್ನೋ ಬೆರಳು ಕೆಳಗಿಳಿಯುತ್ತೆ. ಇದೊಂದಕ್ಕೇ ನನ್ನ ಅರ್ಧ ಮಾರ್ಕು.

ಆದ್ರೆ ಕ್ಲಿಪ್ಪು ಡಿಸೈನ್ ಮಾಡಿರೋದು ನಿಂತ್ಕೊಂಡು, ಗಲ್ಲದ ಕೆಳಗೆ ಪಿಟೀಲು ಇಟ್ಕೊಂಡು ನುಡಿಸೋರನ್ನ ಮನಸ್ಸಲ್ಲಿಟ್ಕೊಂಡು. ನಮ್ಮೋರು ಚಕ್ಕಲಮಕ್ಕಲ ಹಾಕಿ ಕೂತು, ಪಿಟೀಲಿನ ತಲೆಯನ್ನ ಬಲಗಾಲ ಹಿಮ್ಮಡಿ ಪಕ್ಕಕ್ಕೆ ಊರಿ, ಕೆಳಮುಖವಾಗಿ ಹಿಡೀತಾರೆ. ಕೇಬಲ್ಲು ಶಲ್ಯಕ್ಕೆ ಸಿಕ್ಕಿಕೊಳ್ಳುತ್ತೆ, ಸೀರೆ ಸೆರಗಿಗೆ ಸಿಕ್ಕಿಕೊಳ್ಳುತ್ತೆ, ಗೂಸ್‌ನೆಕ್ಕು ಬಿಲ್ಲಿನ ದಾರಿಗೆ ಅಡ್ಡ ಬರುತ್ತೆ. ನಾನು ಮಾಡೋದು ಹೀಗೆ: ಕ್ಲಿಪ್ಪನ್ನ ಎದೆ ಹತ್ತಿರದ ಅಗಲ ಭಾಗದ ಅಂಚಿಗೆ ಹಾಕಿ, ಗೂಸ್‌ನೆಕ್ಕನ್ನ ಆದಷ್ಟು ಕೆಳಕ್ಕೆ ಬಗ್ಗಿಸಿ, ಮೈಕಿನ ಬಾಯಿ ಕುದುರೆ (ತಂತಿಗಳನ್ನ ಹೊರೋ ಮರದ ತುಂಡು) ಮತ್ತು ಎಫ್ ಆಕಾರದ ತೂತಿನ ನಡುವೆ ನೋಡೋ ಹಂಗೆ ಮಾಡ್ತೀನಿ. ಸೀದಾ ತೂತಿನ ಮೇಲೇ ಇಟ್ರೆ ಡಬ್ಬದೊಳಗಿಂದ ಬಂದಂಗಿರುತ್ತೆ. ಕೇಬಲ್ಲನ್ನ ತೊಡೆ ಪಕ್ಕದಿಂದ ಹಿಂದಕ್ಕೆ ತಗೊಂಡು ಜಮಖಾನದ ಕೆಳಗೆ. ಬಿಲ್ಲನ್ನ ಮೇಲಿಂದ ಕೆಳಗಿನವರೆಗೆ ಒಂದು ಸಲ ಪೂರ್ತಿ ಎಳೆಸಿ ನೋಡದೇ ಕಛೇರಿ ಶುರು ಮಾಡಿಸ್ಬೇಡಿ.

ಹಿರಿಯ ವಿದ್ವಾಂಸರು ಒಪ್ಪಲ್ಲ, ಅದೂ ಸರಿನೇ. "ಏನಪ್ಪಾ ಇದು, ನಮ್ಮ ತಾತನ ಕಾಲದ ಪಿಟೀಲು, ಇದಕ್ಕೆ ಇಕ್ಕಳ ಹಾಕ್ತೀಯಾ?" ಅಂದ್ರು ಒಬ್ರು. "ಇಲ್ಲ ಮೇಷ್ಟ್ರೇ, ರಬ್ಬರ್ ಇದೆ, ವಾರ್ನಿಷ್‌ಗೆ ಏನೂ ಆಗಲ್ಲ" ಅಂತ ಬಿಚ್ಚಿ ತೋರಿಸ್ದೆ. ನೋಡಿದ್ರು, ಮುಟ್ಟಿದ್ರು, "ರಬ್ಬರ್ ಇದ್ರೆ ಇರಲಿ, ನೀನು ಸ್ಟ್ಯಾಂಡೇ ಇಡು" ಅಂದ್ರು. ಸ್ಟ್ಯಾಂಡೇ ಇಟ್ಟೆ. ಅವರ ವಾದ್ಯ, ಅವರ ಮಾತೇ ಕೊನೆ.

ಟೋನ್ ವಿಷಯ. ಕೀಚಲು ಸದ್ದುಗಳ ತುದೀಲಿ, 10-12 ಕಿಲೋಹರ್ಟ್ಝ್ ಹತ್ತಿರ, ಈ ಮೈಕಿಗೆ ಬೇಕಂತಲೇ ಒಂಚೂರು ಏರಿಕೆ ಕೊಟ್ಟಿದ್ದಾರೆ. ಆರ್ಕೆಸ್ಟ್ರಾ ಪಿಟೀಲಿಗೆ ಅದು ಹೊಳಪು. ನಮ್ಮಲ್ಲಿ ತಂತಿ ಶ್ರುತಿ ಇಳಿಸಿ ಕಟ್ಟಿರ್ತಾರೆ, ನಾದ ದಪ್ಪ ಇರುತ್ತೆ, ಅಷ್ಟು ಹತ್ತಿರದಿಂದ ಕೇಳಿದಾಗ ಬಿಲ್ಲಿನ ರಾಳದ ಕರಕರ ಮುಂದಕ್ಕೆ ಬಂದುಬಿಡುತ್ತೆ. 8 ಕಿಲೋಹರ್ಟ್ಝ್ ಮೇಲೆ ಎರಡು ಮೂರು ಡಿಬಿ ಇಳಿಸ್ತೀನಿ, 1 ರಿಂದ 1.5 ಕಿಲೋಹರ್ಟ್ಝ್ ನಡುವಿನ ಮೂಗುತನ ಒಂದಿಷ್ಟು ತೆಗೀತೀನಿ, ಕೆಳಗೆ 120 ಹರ್ಟ್ಝ್‌ಗೆ ಲೋ ಕಟ್ (ಅದಕ್ಕಿಂತ ಕೆಳಗಿನ ಸದ್ದು ತೆಗೆಯೋದು). ಗಮಕಕ್ಕೆ ಎಡಗೈ ಜಾರುವಾಗ ಮೈಯಿಂದ ಬರೋ ಗುಡುಗುಡು ಅಲ್ಲಿಗೆ ಹೋಗುತ್ತೆ. ಈಕ್ಯೂ (ಹೀಗೆ ಟೋನ್ ಏರಿಳಿಸೋ ಗುಂಡಿಗಳು) ಮುಟ್ಟದೇ ಹಂಗೇ ಬಿಟ್ರೆ ಚೆನ್ನಾಗಿರಲ್ಲ, ದುಬಾರಿ ಮೈಕು ಅಂದ ತಕ್ಷಣ ಫ್ಲ್ಯಾಟ್ ಇಟ್ಟು ಕೈಕಟ್ಟಿ ಕೂರೋರಿಗೆ ಇದು.

ಮಾನಿಟರ್ ಇಡೋ ಜಾಗ ಕೂಡ ಬಹಳ ಜನ ತಪ್ಪು ತಿಳ್ಕೊಂಡಿದ್ದಾರೆ. ಎಸ್‌ಎಂ58 ಥರದ ಕಾರ್ಡಿಯಾಯ್ಡು ಮೈಕಿಗೆ ಸರಿಯಾಗಿ ಬೆನ್ನ ಹಿಂದೆ ಕಿವಿ ಕೇಳಲ್ಲ, ಹಂಗಾಗಿ ಮಾನಿಟರ್ ನೇರ ಎದುರಿಗೆ ಇಟ್ಟು ಅಭ್ಯಾಸ. ಸೂಪರ್‌ಕಾರ್ಡಿಯಾಯ್ಡು ಹಂಗಲ್ಲ, ಅದಕ್ಕೆ ಹಿಂದೆ ಒಂದು ಸಣ್ಣ ಕಿವಿ ಇದೆ, ಕೇಳದೇ ಇರೋದು 125 ಡಿಗ್ರಿ ಹತ್ತಿರ, ಎರಡೂ ಓರೆಯಲ್ಲಿ. ಮಾನಿಟರ್ರನ್ನ ಅರ್ಧ ಮೊಳ ಪಕ್ಕಕ್ಕೆ ಸರಿಸಿದ್ರೆ ಬರೋ ವ್ಯತ್ಯಾಸ ಈಕ್ಯೂನಲ್ಲಿ ಬರಲ್ಲ. ಇದಕ್ಕೆ ದುಡ್ಡೂ ಬೇಡ, ಆದ್ರೆ ಸ್ಟೇಜ್ ಮುಂದೆ ಹೂವಿನ ಕುಂಡ ಸಾಲಾಗಿ ಇಟ್ಟಿರೋ ಸಂಘಟಕರ ಹತ್ತಿರ ಒಂದು ಸಣ್ಣ ಜಗಳ ಬೇಕಾಗಬಹುದು.

ಮೃದಂಗಕ್ಕೆ? ಬೇಡ. ಖಂಡಿತ ಬೇಡ ಅಂತಲೇ ಹೇಳ್ತೀನಿ. ಸರ್ ಸಿ.ವಿ. ರಾಮನ್ 1920ರಲ್ಲೇ ನೇಚರ್ ಪತ್ರಿಕೇಲಿ ಬರೆದಿದ್ರು, ನಮ್ಮ ಮೃದಂಗ ತಬಲಾಗಳ ಮುಚ್ಚಿಗೆ (ಬಡಿಯೋ ಚರ್ಮ) ಮೇಲಿನ ಕಪ್ಪು ಲೇಪದ ಕರಣೆಯಿಂದಾಗಿ ಅವು ಬರೀ ಸದ್ದಲ್ಲ, ತಂತಿಯ ಹಾಗೆ ಸ್ವರ ಕೊಡ್ತವೆ ಅಂತ. ಆ ಸ್ವರ ಮುಚ್ಚಿಗೆಯ ಬೇರೆ ಬೇರೆ ಭಾಗ ಬೇರೆ ಬೇರೆ ರೀತಿ ಅಲುಗಾಡಿ ಸೇರಿ ಆಗೋದು. ಮೈಕನ್ನ ಒಂದಿಂಚಿಗೆ ತಂದ್ರೆ ಯಾವುದೋ ಒಂದು ಭಾಗ ಮಾತ್ರ ಕೇಳುತ್ತೆ, ಚಾಪು ಅನ್ನೋ ಹೊಡೆತ ಚೆನ್ನಾಗಿದ್ರೆ ಮೀಟು ಅನ್ನೋ ಹೊಡೆತ ಸಪ್ಪೆ, ಮೀಟು ಚೆನ್ನಾಗಿದ್ರೆ ಚಾಪು ತಲೆ ಮೇಲೆ ಹೊಡೆದಂಗೆ. ಎಡಗಡೆ ತೊಪ್ಪಿ ಅನ್ನೋ ಮುಖದ ಗುಂಕಿಗಂತೂ (ಗುಂಯ್ ಅನ್ನೋ ನಾದ) ಗಾಳಿ ಬೇಕೇ ಬೇಕು. ಬಲಗಡೆ ಒಂದು ಗೇಣು ದೂರದಲ್ಲಿ ಹಳೇ 57, ಎಡಗಡೆ ಇನ್ನೊಂದು, ಮುಗೀತು. 1965ರಿಂದ ಬರ್ತಿರೋ ಮೈಕು, ಈಗಲೂ ಮೃದಂಗಕ್ಕೆ ಅದನ್ನ ಮೀರಿಸೋಕೆ ಎಷ್ಟೋ ದುಬಾರಿ ಮೈಕುಗಳಿಗೆ ಆಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಘಟಕ್ಕೂ ಕ್ಲಿಪ್ ಬೇಡ, ಅದನ್ನ ಹೊಟ್ಟೆಗೆ ಒತ್ತಿ ಬಿಟ್ಟು ಆಡಿಸ್ತಾರೆ, ಮೈಕೂ ಜೊತೇಲಿ ಕುಣಿಯುತ್ತೆ. ಕೊಳಲಿಗೆ ಹಾಕಬಹುದು, ಉಸಿರಿನ ದಾರಿಯಿಂದ ಪಕ್ಕಕ್ಕೆ ಇದ್ರೆ. ವೀಣೆಗೆ ಹಾಕಿ ನೋಡಿದೀನಿ, ಪರವಾಗಿಲ್ಲ, ಆದ್ರೆ ವೀಣೆಯೋರು ಬಹುತೇಕ ಎಲ್ಲಾ ಪಿಕಪ್ (ವಾದ್ಯಕ್ಕೇ ಅಂಟಿಸಿ ಅದರ ಕಂಪನ ಹಿಡಿಯೋ ಸಾಧನ) ಇಟ್ಕೊಂಡೇ ಬರೋದ್ರಿಂದ ಆ ವಾದ ಅಲ್ಲಿಗೇ ಮುಗಿಯುತ್ತೆ.

ಈಗ ಜ್ಯಾಝ್ ಕಡೆ. ಇಲ್ಲಿ ಮೈಕ್ ಹತ್ತಿರ ಇಡೋದು ಹೊಸ ವಿಷಯ ಏನಲ್ಲ. ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಅಂತ ಒಬ್ಬ ಪುಣ್ಯಾತ್ಮ, ಹಗಲು ಕಣ್ಣು ಪರೀಕ್ಷೆ ಮಾಡೋ ಕೆಲಸ, ಉಳಿದ ಹೊತ್ತು ಅಪ್ಪ ಅಮ್ಮನ ಮನೆಯ ಹಾಲಲ್ಲೇ ದೊಡ್ಡ ದೊಡ್ಡ ಜ್ಯಾಝ್ ಕಲಾವಿದರನ್ನ ರೆಕಾರ್ಡ್ ಮಾಡ್ತಿದ್ದ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದ. ನಾಯ್ಮನ್ ಯು47 ಮೈಕನ್ನ ಸ್ಯಾಕ್ಸ್ ಟ್ರಂಪೆಟ್‌ಗಳಿಗೆ ಆ ಕಾಲಕ್ಕೆ ಬಹಳ ಹತ್ತಿರ ಅನ್ನಿಸೋಷ್ಟು ಹತ್ತಿರ ಇಡ್ತಿದ್ದ, ಹೇಗೆ ಇಡ್ತೀಯಾ ಅಂತ ಯಾರು ಕೇಳಿದ್ರೂ ಬಾಯಿ ಬಿಡ್ತಿರ್ಲಿಲ್ಲ. ಅದೇ ಹೊತ್ತಿಗೆ ಲಂಡನ್ನಿನ ಡೆಕ್ಕಾ ಕಂಪನಿಯೋರು ಸಿಂಫನಿಗೆ ಕಂಡಕ್ಟರ್ ತಲೆ ಮೇಲೆ ಮೂರು ಓಮ್ನಿ (ಎಲ್ಲಾ ದಿಕ್ಕಿನ ಸದ್ದೂ ಹಿಡಿಯೋ) ಮೈಕು ನೇತುಹಾಕಿ ಇಡೀ ಹಾಲಿನ ಗಾಳೀನೇ ರೆಕಾರ್ಡ್ ಮಾಡ್ತಿದ್ರು. ಎರಡು ದಾರಿ. ಜ್ಯಾಝ್ ಕಿವಿಗೆ ಹತ್ತಿರದ ಸದ್ದು ಒಗ್ಗಿದೆ, ವೆಸ್ಟರ್ನ್ ಕ್ಲಾಸಿಕಲ್ ಕಿವಿಗೆ ದೂರದ್ದು, ನಮ್ಮ ಕಛೇರಿ ಕಿವಿ ಎರಡರ ನಡುವೆ ಎಲ್ಲೋ ಒದ್ದಾಡ್ತಿದೆ. ಹಾಗಾಗಿ ಇದೇ 4099 ಜ್ಯಾಝ್ ಸ್ಟೇಜಲ್ಲಿ ಸ್ವಂತ ಮನೆಗೆ ಬಂದ ಹಾಗೆ ಇರುತ್ತೆ.

ಡಬಲ್ ಬೇಸ್‌ಗೆ ಇದು ನಿಜಕ್ಕೂ ವರ. ಕ್ಲಿಪ್ಪು ಕುದುರೆಯ ಕೆಳಗೆ, ಟೇಲ್‌ಪೀಸಿಗೂ (ತಂತಿಗಳ ಕೆಳತುದಿ ಕಟ್ಟೋ ತುಂಡು) ಕುದುರೆಗೂ ನಡುವಿನ ತಂತಿಗಳ ಮೇಲೆ ಕೂರುತ್ತೆ. ಬೇಸಿನ ಕೆಳಗಿನ ತಂತಿ 41 ಹರ್ಟ್ಝ್, ಪಕ್ಕದಲ್ಲೇ ಡ್ರಮ್ಸ್. ಬರೀ ಪಿಕಪ್ ಹಾಕಿದ್ರೆ ರಬ್ಬರ್ ಬ್ಯಾಂಡ್ ಎಳೆದಂಗಿರುತ್ತೆ, ಬರೀ ಮೈಕ್ ಹಾಕಿದ್ರೆ ಡ್ರಮ್ಸೆಲ್ಲಾ ಒಳಗೆ. ನಾನು ಕೆಳಗಿನ ಭಾಗ ಪಿಕಪ್‌ನಿಂದ, 200 ಹರ್ಟ್ಝ್‌ನಿಂದ ಮೇಲೆ ಈ ಮೈಕಿನಿಂದ, ಎರಡೂ ಸೇರಿಸ್ತೀನಿ. ಮಿಕ್ಸರ್‌ನ ಫೇಸ್ ಬಟನ್ (ಸದ್ದಿನ ಅಲೆಯನ್ನ ತಿರುಗಾಮುರುಗಾ ಮಾಡೋದು) ಒತ್ತಿ ನೋಡಿ, ಯಾವ ಕಡೆ ಹೊಟ್ಟೆ ತುಂಬುತ್ತೋ ಆ ಕಡೆ ಬಿಡಿ. ಬೆರಳು ಮರಕ್ಕೆ ತಾಗೋ ಟಕ್ಕು, ತಂತಿ ಬಿಡೋವಾಗಿನ ಗುಂಯ್, ಇದೆಲ್ಲಾ ಹಾಲಿಗೆ ಬರುತ್ತೆ, ಬೇಸಿಸ್ಟು ಮುಖದಲ್ಲಿ ನಗು.

ಸ್ಯಾಕ್ಸಫೋನ್‌ಗೆ ಒಂದು ಎಚ್ಚರಿಕೆ. ಕ್ಲಿಪ್ಪು ಗಂಟೆಯ (ವಾದ್ಯದ ಅಗಲ ಬಾಯಿ) ಅಂಚಿಗೆ ಹಾಕಿ ಮೈಕನ್ನ ಸೀದಾ ಗಂಟೆಯೊಳಗೆ ತುರುಕೋದು ಎಲ್ಲರ ಅಭ್ಯಾಸ. ಸ್ಯಾಕ್ಸ್‌ನ ಸದ್ದು ಬಹುಪಾಲು ಬರೋದು ತೆರೆದಿರೋ ಕೀಗಳ ತೂತುಗಳಿಂದ, ಗಂಟೆಯಿಂದ ಜೋರಾಗಿ ಬರೋದು ತೀರಾ ಕೆಳಗಿನ ಸ್ವರಗಳು ಮಾತ್ರ. ಗೂಸ್‌ನೆಕ್ಕನ್ನ ಹೊರಕ್ಕೆ ಎಳೆದು ಕೀಗಳ ಕಡೆ ಓರೆಯಾಗಿ ತಿರುಗಿಸಿದ್ರೆ ಸ್ವರದಿಂದ ಸ್ವರಕ್ಕೆ ಸಮ ಇರುತ್ತೆ. ನಮ್ಮ ಮಂಗಳೂರು ಕಡೆ ಕದ್ರಿ ಗೋಪಾಲನಾಥರ ದಾರೀಲಿ ಸ್ಯಾಕ್ಸ್ ಕಛೇರಿ ಮಾಡೋರು ಬಹಳ ಜನ ಇದ್ದಾರೆ (1994ರಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದ ಮಹಾನುಭಾವರು ಅವರು), ಅವರಿಗೆ ಈ ಮಾತು ಇನ್ನೂ ಮುಖ್ಯ, ಯಾಕಂದ್ರೆ ರಾಗದ ಎಳೆತದಲ್ಲಿ ಒಂದು ಸ್ವರ ಎದ್ದು ಇನ್ನೊಂದು ಬಿದ್ರೆ ಗಮಕವೇ ಒಡೆದು ಹೋಗುತ್ತೆ. ಟ್ರಂಪೆಟ್ ಜೋರಿನ ಬಗ್ಗೆ ಭಯ ಬೇಡ, 4099ರ ಲೌಡ್ ಅನ್ನೋ ಮಾಡೆಲ್ಲೇ 142 ಡಿಬಿ ತನಕ ತಡ್ಕೊಳ್ಳುತ್ತೆ. ಎಕ್ಸ್‌ಟ್ರೀಮ್ ಅನ್ನೋದು ಇನ್ನೂ ಜೋರಿಗೆ, ಅದರ ಸೆನ್ಸಿಟಿವಿಟಿ ಕಮ್ಮಿ, ಪಿಟೀಲಿಗೆ ಮರೆತೂ ತಗೋಬೇಡಿ.

ರೆಕಾರ್ಡಿಂಗ್‌ಗೆ ಯಾಕೆ ಬೇಡ ಅಂದೆ? ಒಂದು, ಮೈಕು ತಾನೇ ಮಾಡೋ ಸ್ವಂತ ಗುಸುಗುಸು: ಲೌಡ್ ಮಾಡೆಲ್‌ಗೆ ಸುಮಾರು 23 ಡಿಬಿ, ನಾಯ್ಮನ್ ಕೆಎಂ184 ಥರದ ಮೈಕಿಗೆ 13. ಸ್ಟೇಜ್ ಮೇಲೆ ಫ್ಯಾನ್ ಸದ್ದಲ್ಲಿ ಇದು ಯಾರಿಗೂ ಕೇಳಲ್ಲ, ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಆಲಾಪನೆ ಕೇಳೋವಾಗ ಕೇಳುತ್ತೆ. ಎರಡು, ಗಾಳಿ ಇಲ್ಲ. ವಾದ್ಯದ ನಾದ ಕೋಣೆಗೆ ಹೋಗಿ ಬೆರೆತು ವಾಪಸ್ ಬರೋದು ಇದಕ್ಕೆ ಗೊತ್ತೇ ಆಗಲ್ಲ. 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಇವರೆಲ್ಲಾ ಸ್ಯಾಕ್ಸ್ ವಾದಕ ಚಾರ್ಲಿ ಮೇರಿಯಾನೋ ಜೊತೆ ಜರ್ಮನಿಯ ಇಸಿಎಂ ಕಂಪನಿಗೆ ಮಾಡಿದ ರೆಕಾರ್ಡಿಂಗ್ ಸಿಕ್ಕಿದ್ರೆ ಕೇಳಿ. ಅಲ್ಲಿ ರಮಾಮಣಿಯವರ ದನಿಗೂ ತಾಳವಾದ್ಯಕ್ಕೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ಕಿವಿಗೇ ಗೊತ್ತಾಗುತ್ತೆ, ನಮ್ಮ ಸಂಗೀತಾನೂ ಜ್ಯಾಝೂ ಇಬ್ಬರೂ ಆ ಜಾಗದಲ್ಲಿ ಆರಾಮಾಗಿ ಕೂತಿದ್ದಾರೆ. ಆ ಜಾಗ ಕ್ಲಿಪ್ ಮೈಕಿನಿಂದ ಬರೋದಿಲ್ಲ, ಆಮೇಲೆ ಪ್ಲಗಿನ್ ಹಾಕಿ ರಿವರ್ಬ್ ಸುರಿದ್ರೂ ಬರೋದಿಲ್ಲ. ರೆಕಾರ್ಡಿಂಗ್ ಮುಖ್ಯ ಅಂದ್ರೆ ಅದೇ ದುಡ್ಡಿಗೆ ಒಂದು ಜೊತೆ ಮಧ್ಯಮ ಬೆಲೆಯ ಸಣ್ಣ ಡಯಾಫ್ರಮ್ ಕಂಡೆನ್ಸರ್ ತಗೊಂಡು ವೇದಿಕೆ ಮುಂದೆ ಸ್ಟೀರಿಯೋದಲ್ಲಿ ನಿಲ್ಲಿಸಿ.

ಕಿರಿಕಿರಿಗಳು ಕೆಲವು. ಮೈಕ್ರೋಡಾಟ್ ತಿರುಪು ಬಹಳ ಸಣ್ಣದು, ಕತ್ತಲಲ್ಲಿ ಸೈಡ್ ವಿಂಗಲ್ಲಿ ನಿಂತು ಹಾಕೋಕೆ ತಾಳ್ಮೆ ಬೇಕು. ತೆಳು ಕೇಬಲ್ ಬದಲು ದಪ್ಪದ್ದು ಸಿಗುತ್ತೆ, ಅದನ್ನೇ ತಗೊಳ್ಳಿ. ಕಛೇರಿ ಮುಗಿದ ಮೇಲೆ ಸನ್ಮಾನ ಇರುತ್ತಲ್ಲ, ಶಾಲು ಹೊದಿಸ್ತೀವಿ ಬನ್ನಿ ಅಂತ ಕರೆದ ತಕ್ಷಣ ಪಿಟೀಲು ಹಿಡ್ಕೊಂಡೇ ಎದ್ದು ಹೊರಟುಬಿಡ್ತಾರೆ, ಮೈಕ್ ಕಟ್ಟಿರೋದು ನೆನಪಿರಲ್ಲ, ನಾನು ಕನ್ಸೋಲ್ ಬಿಟ್ಟು ಓಡ್ಬೇಕು. 48 ವೋಲ್ಟ್ ಫ್ಯಾಂಟಮ್ (ಮಿಕ್ಸರ್‌ನಿಂದ ಕೇಬಲ್ಲಲ್ಲೇ ಮೈಕಿಗೆ ಬರೋ ಕರೆಂಟು) ಬೇಕೇ ಬೇಕು, ಕೆಲವು ಸಣ್ಣ ಸಭಾಗಳ ಮೈಕ್‌ಸೆಟ್‌ನಲ್ಲಿ ಹಳೇ ಮಿಕ್ಸರ್ ಇರುತ್ತೆ, ಫ್ಯಾಂಟಮ್ ಇರಲ್ಲ, ಇದ್ರೂ ಎಲ್ಲಾ ಚಾನೆಲ್‌ಗೂ ಸೇರಿ ಒಂದೇ ಸ್ವಿಚ್ಚು. ಸ್ವಂತ ಮೈಕ್ ತಗೊಂಡು ಹೋಗೋ ಹುಡುಗ್ರು ಮೈಕ್‌ಸೆಟ್ ಅಣ್ಣನಿಗೆ ಮೊದಲೇ ಫೋನ್ ಮಾಡಿ ಕೇಳಿ, ಸ್ವಿಚ್ ಹಾಕೋ ಮುಂಚೆ ಫೇಡರ್ (ಸದ್ದು ಏರಿಳಿಸೋ ಗುಂಡಿ) ಕೆಳಗಿಳಿಸೋಕೆ ಹೇಳಿ, ಇಲ್ದಿದ್ರೆ ಧಡಾರ್ ಅನ್ನುತ್ತೆ.

ದುಡ್ಡು ಸಾಲದಿದ್ರೆ ಆಡಿಯೋ ಟೆಕ್ನಿಕಾ ಎಟಿಎಂ350 ಇದೆ, ಹತ್ತತ್ರ ಅರ್ಧ ಬೆಲೆ, ಪಿಟೀಲಿಗೆ ಎಪ್ಪತ್ತು ಎಂಬತ್ತು ಪರ್ಸೆಂಟ್ ಕೆಲಸ ಆಗುತ್ತೆ, ಕಾರ್ಡಿಯಾಯ್ಡು ಆದ್ದರಿಂದ ಮೃದಂಗ ಸ್ವಲ್ಪ ಜಾಸ್ತಿ ಒಳಗೆ ಬರುತ್ತೆ ಅಷ್ಟೇ. ಹೆಸರಿಲ್ಲದ ಎರಡು ಸಾವಿರದ ಕ್ಲಿಪ್ ಮೈಕ್ ಮಾತ್ರ ವಾದ್ಯದ ಹತ್ತಿರ ತರಬೇಡಿ, ಅದಕ್ಕಿಂತ ಸಭಾದ 58 ಎಷ್ಟೋ ವಾಸಿ. ಸೆಕೆಂಡ್ ಹ್ಯಾಂಡ್ ಸಿಕ್ರೆ ಕೇಬಲ್ಲನ್ನ ಎರಡೂ ತುದೀಲಿ ಅಲುಗಾಡಿಸಿ ಚಟಪಟ ಬರುತ್ತಾ ಕೇಳಿ, ಗೂಸ್‌ನೆಕ್ ಬಗ್ಗಿಸಿದ ಕಡೆ ನಿಲ್ಲುತ್ತಾ ನೋಡಿ.

ಯಾರು ತಗೋಬೇಕು ಅಂದ್ರೆ: ತಿಂಗಳಿಗೆ ನಾಲ್ಕಾರು ಕಛೇರಿ ಮಾಡೋ ಪಿಟೀಲಿನೋರು, ಡಬಲ್ ಬೇಸಿನೋರು ಕಣ್ಣುಮುಚ್ಚಿ ತಗೊಳ್ಳಿ. ನನ್ನಂಥ ಸೌಂಡಿನೋರು ಆರು ತಗೊಂಡು ಸಾಲ ಮಾಡ್ಕೊಳ್ಳೋದು ಬೇಡ, ಎರಡು ಮೈಕು, ಪಿಟೀಲು, ಬೇಸ್, ಸ್ಯಾಕ್ಸ್ ಮೂರು ಥರದ ಕ್ಲಿಪ್ಪು, ಒಂದು ಸ್ಪೇರ್ ಕೇಬಲ್, ಒಂದು ಸ್ಪೇರ್ ಎಕ್ಸ್‌ಎಲ್‌ಆರ್ ಅಡಾಪ್ಟರ್. ಅಡಾಪ್ಟರ್ ಮೇಲೆ ಪೇಂಟಲ್ಲಿ ಹೆಸರು ಬರೆದಿಡಿ, ನೋಡೋಕೆ ಎಲ್ಲಾ ಒಂದೇ ಥರ ಇರುತ್ತೆ, ಪ್ಯಾಕಪ್ ಗಲಾಟೇಲಿ ಬೇರೆಯವರ ಬ್ಯಾಗಿಗೆ ಹೋಗುತ್ತೆ. ಐದಕ್ಕೆ ನಾಲ್ಕು ಕೊಡ್ತೀನಿ, ಇನ್ನೊಂದು ಕ್ಲಿಪ್ಪುಗಳ ಬೆಲೆಗೆ ಕಟ್.